ಮನೆಗೊಂದು ಮರ

"ಜಗತ್ತು ಕಾದು ಕೆಂಡ ಆಗೇತಿ! ಅದನ್ನ ಉಳಸಾಂವ ಈ ಶಾಹನವಾಜ!"

ಗಡಿಯೂರು ಜತ್ತದಲ್ಲಿ ಬೋರ್ಡು ಬರೆಯುವ ಪೇಂಟರ್ ಶಾಹನವಾಜ ಬೆಳಗಿನ ಚಹಾ ಕುಡಿಯುತ್ತಾ ಘೋಷಿಸಿದ.

"ಮೊದಲ ಒಲಿ ಮ್ಯಾಲಿನ ಹಾಲು ಉಳಸ್ರಿ," ಎಂದಳು ಹೆಂಡತಿ ನಸ್ರೀನ.

"ಜಗತ್ತಿನೊಳಗಿನ 'ಗ' ತಗದ್ರ ಉಳಿಯೂದು ಜತ್ತ! ಜಾಗೃತಿ ಇಲ್ಲಿಂದನ ಶುರು ಆಗಬೇಕು!"

ಘೋಷವಾಕ್ಯವೂ ಹುಟ್ಟಿಬಿಟ್ಟಿತು: 'ಮನೆಗೊಂದು ಮರ'.

"ನಾವೆಲ್ಲಾ ಮರಕ್ಕ ಗಿಡ ಅಂತೀವಲ್ರಿ?"

"ಗಿಡ ಅಂದ್ರ ಹೊಲದಾಗಿನ ಮಾತು. ಜಗತ್ತಿನ ಸಮಸ್ಯಾಕ್ಕ ಪುಸ್ತಕದ ಕನ್ನಡನ ಬೇಕು!"

ಆದರೆ ಊರಲ್ಲಿ ಮರಾಠಿ ಶಾಲೆಯಲ್ಲಿ ಕಲಿತವರೇ ಹೆಚ್ಚು. ಕನ್ನಡ ಮಾತಾಡುತ್ತಾರೆ, ಕನ್ನಡ ಅಕ್ಷರ ಓದುವುದಿಲ್ಲ. ಅದಕ್ಕೂ ಶಾಹನವಾಜನ ಬಳಿ ಮದ್ದಿತ್ತು. ಮಾತು ಕನ್ನಡದ್ದು, ಅಕ್ಷರ ಮರಾಠಿಯದು! ಇಂಥ ತಲೆ ತನಗೆ ಮಾತ್ರ ಇದೆಯೆಂದು ಅವನಿಗೆ ಅನುಮಾನವೇ ಉಳಿಯಲಿಲ್ಲ.

ಗೋಡೆ ಹುಡುಕುವ ಕೆಲಸವೂ ಇರಲಿಲ್ಲ. ಅವನ ಅಂಗಡಿಯ ಜಾಗ ವಿಠೋಬ ಕಾಕಾನದು, ಕಾಕಾನ ಮನೆ ಪಕ್ಕದಲ್ಲೇ. ಎದೆಯ ಆಪರೇಶನ್ ಮುಗಿಸಿಕೊಂಡು ಕಾಕಾ ಅಂದೇ ಮಿರಜಿನಿಂದ ಬರುವವರಿದ್ದರು. ಸ್ವಾಗತವೂ ಆಯಿತು, ಪರಿಸರ ಸೇವೆಯೂ ಆಯಿತು! ಬಾಗಿಲ ಪಕ್ಕದಲ್ಲೇ ಆಳೆತ್ತರದ ಕೆಂಪಕ್ಷರ ಬರೆದು, ಕುಂಚ ಹಿಡಿದು ನಿಂತ.

ಗಾಡಿ ಬಂತು. ಹೆಂಡತಿ ಮಂಗಲ ಕಾಕುವಿನ ಕೈ ಹಿಡಿದು ಇಳಿದ ಕಾಕಾ ಗೋಡೆ ಓದಿದರು. ಮುಖ ಬಿಳುಚಿತು.

"ಮನಿಗೊಂದು... ಮರ? ಈ ಮನ್ಯಾಗ ನಾನೊಬ್ಬನ ಅಲ್ಲೇನೋ ಪೇಶಂಟ!"

ಆಗ ಶಾಹನವಾಜ ತನ್ನ ಬರಹವನ್ನು ಮೊದಲ ಸಲ ಮರಾಠಿ ಕಣ್ಣಿನಿಂದ ಓದಿದ. ಅಯ್ಯೋ! ಮರಾಠಿಯಲ್ಲಿ 'ಮರ' ಎಂದರೆ 'ಸಾಯಿ'!

"ದವಾಖಾನಿಯಿಂದ ಉಳದು ಬಂದ್ರ ಬಾಗಲದಾಗ ಇಂಥಾದ್ದು ಬರೀತಿ? ಸಂಜೀಕ ಅಂಗಡಿ ಖಾಲಿ ಮಾಡು!" ಎಂದು ಕಾಕು ಗುಡುಗಿದರು.

ಅಂಗಡಿ ಹೋದರೆ ಅನ್ನವೇ ಹೋಯಿತು! ಶಾಹನವಾಜ ಕೈ ಜೋಡಿಸಿ ಬೇಡಿಕೊಂಡ: "ತಪ್ಪ ತಿಳೀಬ್ಯಾಡ್ರಿ! ಮರಾ, ಕಾಕಾ! ಮರಾ!"

ಇದು ಇನ್ನೂ ಘೋರ. ಮೊದಲು ಬರಿ 'ಸಾಯಿ' ಎಂದಿತ್ತು; ಈಗ 'ಮರಾ' ಎಂದು ಎಳೆದದ್ದು ಮರಾಠಿಯಲ್ಲಿ ಮರ್ಯಾದೆ ಕೊಟ್ಟು 'ಸಾಯಿರಿ' ಎಂದಂತಾಯಿತು! ಓಣಿಯ ಜನ ಓಡಿಬಂದರು. ಆಚೆ ಮನೆಯ ಸಾವಿತ್ರವ್ವ ಗೋಡೆ ಓದಿ, ಕಾಕಾ ಎದುರಿಗೇ ನಿಂತಿದ್ದರೂ ಸೆರಗಿನಲ್ಲಿ ಕಣ್ಣೊರೆಸತೊಡಗಿದಳು.

ಗಲಾಟೆ ಕೇಳಿ ಓಡಿಬಂದ ನಸ್ರೀನ ಕೂಗಿದಳು: "ಗಿಡಾ ರೀ ಕಾಕಾ! ಮನಿಗೊಂದು ಗಿಡ ಹಚ್ರಿ ಅಂತ ಬರದಾರ! ಪುಸ್ತಕದಾಗ ಗಿಡಕ್ಕ ಮರ ಅಂತಾರಂತ!"

ಕಾಕಾ ಎದೆ ಹಿಡಿದು ಬಾಗಿದರು. ಭುಜ ಅಲುಗಿತು. ಶಾಹನವಾಜ ಹಿಡಿದುಕೊಳ್ಳಲು ಓಡಿದ. ನೋಡಿದರೆ ಕಾಕಾ ನಗುತ್ತಿದ್ದರು!

"ನಗಸಬ್ಯಾಡೋ, ಹೊಲಿಗಿ ಬಿಚ್ಚತಾವ! ಮಂಗಲ, ಅಂಗಡಿ ಇರಲಿ ಬಿಡು. ಹೋಗೋ, ಗಿಡ ತಗೊಂಡ ಬಾ. ಇಲ್ಲೇ ಹಚ್ಚೂಣು."

ಶಾಹನವಾಜ ಬೇವಿನ ಸಸಿ, ಸಲಿಕೆ ಹೊತ್ತು ಓಡಿಬಂದ. ಪಾಪ ಕಳೆಯುವ ಹುರುಪಿನಲ್ಲಿ ಅಗೆದ, ಅಗೆದ, ಮೊಣಕಾಲ ಮಟ್ಟ ಇಳಿದರೂ ನಿಲ್ಲಿಸಲಿಲ್ಲ.

ಒಳಗಿನ ಮಂಚದಿಂದ ಕಾಕಾನ ದನಿ ಬಂತು:

"ಸಾಕು ಬಿಡೋ! ತಗ್ಗು ಗಿಡದ ಅಳತಿಗೆ ತೋಡು, ನನ್ನ ಅಳತಿಗೆ ತೋಡಬ್ಯಾಡ!"