ಸೋದರಮಾವನ ಮುಖ ಮತ್ತು ಕಿಣ್ವದ ವೇಗ

ಮನುಷ್ಯನ ಚರ್ಮದ ಬಗ್ಗೆ ಮಧುಗಿರಿ ತಾಲ್ಲೂಕಿನಲ್ಲಿ ನನಗಿಂತ ಹೆಚ್ಚು ತಿಳಿದವರಿಲ್ಲ ಎಂಬುದು ಹೋದ ವರ್ಷದವರೆಗೂ ನನ್ನ ವಿನಮ್ರ ಅಭಿಪ್ರಾಯವಾಗಿತ್ತು. ನಾನು ಕಾಲೇಜಿನಲ್ಲಿ ಜೀವರಸಾಯನ ಪಾಠ ಮಾಡುವವನು. ಚರ್ಮದ ಜೀವಕೋಶಗಳಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ವಸ್ತು ಎಷ್ಟು ವೇಗವಾಗಿ ತಯಾರಾಗುತ್ತದೆ ಎಂಬುದು ನನ್ನ ಎಂ.ಫಿಲ್. ವಿಷಯ. ಚರ್ಮ ಕೆಂಪಾಗಿ ಬಿಸಿಯೇರುವುದರಲ್ಲಿ ಇದರದ್ದೇ ದೊಡ್ಡ ಪಾತ್ರ. ಇದನ್ನು ತಯಾರಿಸುವ ಕೆಲಸ ಕಿಣ್ವಗಳದ್ದು. ಕಿಣ್ವವೆಂದರೆ ಹೋಟೆಲಿನಲ್ಲಿ ತಟ್ಟೆ ಇಡ್ಲಿ ಬಡಿಸುವವನಿದ್ದಂತೆ. ಗಿರಾಕಿಗಳು ಹೆಚ್ಚಿದಂತೆ ಅವನ ಕೈ ಚುರುಕಾಗುತ್ತದೆ. ಆದರೆ ಒಂದು ಮಿತಿ ಮುಟ್ಟಿದ ಮೇಲೆ ಊರಿಗೆ ಊರೇ ಬಂದು ನಿಂತರೂ ಅವನ ವೇಗ ಅಷ್ಟೇ. ಈ ಮಿತಿಯನ್ನು ನಂಬಿ ನಾನು ಕೆಟ್ಟೆ.

ರಕ್ತದಲ್ಲಿ ಕೊಬ್ಬು ಹೆಚ್ಚಿದೆಯೆಂದು ಡಾಕ್ಟರು ನಯಾಸಿನ್ ಮಾತ್ರೆ ಬರೆದುಕೊಟ್ಟಿದ್ದರು. ದಿನಕ್ಕೊಂದು, ಅದೂ ಊಟವಾದ ಮೇಲೆ, ಇಲ್ಲದಿದ್ದರೆ ಮೈ ಕೆಂಪಾಗಿ ಉರಿದೀತು ಎಂದರು. ಮಾತ್ರೆ ಹೋಗಿ ಚರ್ಮದ ಕಿಣ್ವಗಳ ಮುಂದೆ ಗಿರಾಕಿಗಳನ್ನು ನಿಲ್ಲಿಸುವುದರಿಂದ ಹಾಗೆ ಉರಿಯುತ್ತದೆಂದು ನಾನೇ ಅವರಿಗೆ ವಿವರಿಸಿದೆ. ಹೊರಗೆ ಕಾದಿದ್ದ ರೋಗಿಗಳು ಬಾಗಿಲು ಬಡಿದ ಮೇಲೆ ಎದ್ದು ಬಂದೆ.

ಅಕ್ಕನ ಮಗಳು ಸೌಮ್ಯ ಮೆಚ್ಚಿದ ಹುಡುಗನ ಮನೆ ಬರಗೂರಿನಲ್ಲಿ. ಭಾವ ತೀರಿಕೊಂಡಿದ್ದರಿಂದ ಹೆಣ್ಣಿನ ಕಡೆಯಿಂದ ತಾಂಬೂಲ ಬದಲಾಯಿಸಿ ಮಾತು ಕೊಡಬೇಕಾದವನು ಸೋದರಮಾವನಾದ ನಾನು. ಹುಡುಗನ ಮನೆಯಲ್ಲಿ ನಡೆಯುವುದು ಅವನ ಅಜ್ಜಿ ಗೌರಮ್ಮನವರ ಮಾತು. ಅವರು ಗಂಡನ ಕುಡಿತದಲ್ಲಿ ಬೆಂದವರು. ವರದಕ್ಷಿಣೆ ಬೇಡ, ಒಡವೆ ಬೇಡ, ಬೀಗರಲ್ಲಿ ಕುಡುಕರು ಮಾತ್ರ ಇರಕೂಡದು ಎಂಬುದೊಂದೇ ಅವರ ಷರತ್ತು. ನಾನು ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. ಸೌಮ್ಯಳಿಗೆ ಅದರ ಚಿಂತೆಯಿರಲಿಲ್ಲ. "ಮಾವ, ನೀನು ಅಲ್ಲಿ ಪಾಠ ಒಂದು ಮಾಡ್ಬೇಡ" ಎಂದಷ್ಟೇ ಕೇಳಿಕೊಂಡಿದ್ದಳು.

ಸೌಮ್ಯಳನ್ನೂ ಕರೆದುಕೊಂಡು, ಶಿರಾದಲ್ಲಿ ಬಸ್ಸು ಬದಲಾಯಿಸಿ ಬರಗೂರಿನಲ್ಲಿ ಇಳಿದಾಗ ಹಿಂದಿನ ದಿನದ ಮಾತ್ರೆ ಮರೆತದ್ದು ನೆನಪಾಯಿತು. ಹೆಂಡತಿ ಶಾರದೆಗೆ ಹೇಳಿದೆ. ಬಿಟ್ಟಿದ್ದು ಬಿಡಿ, ಇವತ್ತಿನದನ್ನು ಊಟವಾದ ಮೇಲೆ ನುಂಗಿ ಎಂದಳು. ನಾನು ಮನಸ್ಸಿನಲ್ಲೇ ನಕ್ಕೆ. ಕಿಣ್ವದ ವೇಗಕ್ಕೆ ಮಿತಿಯಿದೆ, ಹಾಗಾಗಿ ಎರಡು ನುಂಗಿದರೂ ಕೆಂಪಾಗುವುದು ಒಂದರಷ್ಟೇ! ಅವಳ ಕಣ್ಣು ತಪ್ಪಿಸಿ ಪೆಟ್ಟಿಗೆ ಅಂಗಡಿಯ ಹಿಂದೆ ಹೋದೆ. ಖಾಲಿ ಹೊಟ್ಟೆಗೆ ಎರಡನ್ನೂ ಹಾಕಿಕೊಂಡು, ಪೇಪರ್ ಲೋಟದ ಬಿಸಿ ಕಾಫಿಯನ್ನು ತಲೆಯೆತ್ತಿ ಗಂಟಲಿಗೆ ಸುರಿದುಕೊಂಡು, ಬಾಯಿ ಒರೆಸಿಕೊಂಡೆ. ನಮ್ಮನ್ನು ಕರೆದೊಯ್ಯಲು ಬಂದಿದ್ದ ಹುಡುಗನ ಚಿಕ್ಕಪ್ಪ ದೂರದಿಂದ ಇದನ್ನೆಲ್ಲ ನೋಡಿದರು. ನಾನು ಅವರಿಗೆ ಕೈಮುಗಿದೆ. ಅವರು ಮುಗಿಯಲಿಲ್ಲ.

ಚಾಪೆಯ ಮೇಲೆ ಕೂತು ಮಾತುಕತೆ ಮುಗಿದು, ತಾಂಬೂಲದ ತಟ್ಟೆಗೆ ಕೈ ಹಾಕುವಷ್ಟರಲ್ಲಿ ನನ್ನ ಕಿವಿ ಬಿಸಿಯಾಯಿತು. ಆಮೇಲೆ ಕೆನ್ನೆ, ಕುತ್ತಿಗೆ, ಎದೆ. ಮುಖವೆಲ್ಲ ಕೆಂಪಡರಿತು. ಮೈ ಪರಪರ ಕೆರೆದುಕೊಳ್ಳತೊಡಗಿದೆ. ಕಿಣ್ವಕ್ಕೆ ಮಿತಿ ಇರುವುದು ನಿಜ. ಒಂದು ಮಾತ್ರೆಗೆಲ್ಲ ಆ ಮಿತಿ ಬರುವುದಿಲ್ಲ ಎಂಬುದನ್ನು ಮಾತ್ರ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಚಿಕ್ಕಪ್ಪ ಅಜ್ಜಿಯ ಕಿವಿಯಲ್ಲಿ ಏನೋ ಹೇಳಿದರು. ಅಜ್ಜಿ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಮೇಷ್ಟ್ರೇ, ಅಂಗ್ಡಿ ಹಿಂದ್ಗಡೆ ಏನ್ ತಗಂಡ್ರಿ?"

ಮಾತ್ರೆ ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ವಿಷಯ ನನ್ನದು! ಎದ್ದು ನಿಂತೆ. ತಲೆ ತಿರುಗಿ ಕಂಬ ಹಿಡಿದುಕೊಂಡೆ. ಈ ಕೆಂಪಿನಲ್ಲಿ ನನ್ನ ಕೈವಾಡವೇನೂ ಇಲ್ಲ, ಎಲ್ಲ ಆ ಇಡ್ಲಿ ಬಡಿಸುವವನದ್ದು ಎಂದು ಶುರುಮಾಡಿದೆ. ಯಾವ ಇಡ್ಲಿಯವನು ಎಂದು ಯಾರೋ ಕೇಳಿದರು. ನಮ್ಮ ಚರ್ಮದೊಳಗೆ ಕೂತಿರುವವನು ಎಂದೆ. ಕೇಳಿದವರು ಚಾಪೆಯ ಮೇಲೆ ಕೊಂಚ ಹಿಂದೆ ಸರಿದರು. ಪ್ರೋಸ್ಟಗ್ಲಾಂಡಿನ್ ಎನ್ನಲು ಹೋಗಿ ನಾಲಗೆ ತೊದಲಿತು. ಶಾರದೆ ಮಾತ್ರೆಯ ಹಾಳೆ ತೋರಿಸೋಣವೆಂದು ನನ್ನ ಜೇಬು ತಡಕಿದಳು. ಅದು ಖಾಲಿಯಾಯಿತೆಂದು ಅಂಗಡಿ ಹಿಂದೆಯೇ ಎಸೆದು ಬಂದಿದ್ದೆ.

ಆಗ ಸೌಮ್ಯ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಪ್ಪನಿಲ್ಲದ ಹುಡುಗಿ, ನನ್ನನ್ನು ನಂಬಿ ಬಂದಿದ್ದಳು. ಅವಳ ಮುಖ ನೋಡಿ ನನಗೆ ಮೊದಲ ಬಾರಿಗೆ ನಿಜವಾಗಿ ಭಯವಾಯಿತು. ಬಾಯಿ ಮುಚ್ಚಿದೆ.

ಗೌರಮ್ಮನವರು ಎದ್ದು ಬಂದು, "ಬಾಯ್ ತಗಿಯಪ್ಪ" ಎಂದರು. ತೆಗೆದೆ. ಎಲ್ಲರೆದುರು ಮೂಗನ್ನು ಹತ್ತಿರ ತಂದು ಮೂಸಿದರು. ಸ್ವಲ್ಪ ಯೋಚಿಸಿ ಇನ್ನೊಮ್ಮೆ ಮೂಸಿದರು.

"ಬರೀ ಕಾಫಿ ವಾಸ್ನೆ. ನಮ್ಮೆಜಮಾನ್ರ ಬಾಯಿ ಮೂಸಿ ಮೂಸಿನೇ ನನ್ ಆಯಸ್ಸು ಕಳ್ದೋಯ್ತು, ನಂಗೊತ್ತಾಗಲ್ವಾ? ಇವ್ರು ಕುಡ್ದಿಲ್ಲ."

ಹಾಗಾದರೆ ಈ ಮಾತೆಲ್ಲ ಏನು ಎಂದು ಚಿಕ್ಕಪ್ಪ ಕೇಳಿದರು. ಎಲ್ಲರೂ ಶಾರದೆಯ ಕಡೆ ನೋಡಿದರು. ಅವಳು ತಲೆ ತಗ್ಗಿಸಿದಳು.

"ಇವ್ರು ಯಾವಾಗ್ಲೂ ಇಂಗೇನೇ ಕಣಜ್ಜಿ."

ಅಜ್ಜಿ ಅವಳ ಬೆನ್ನು ಸವರಿದರು. ಗಂಡನ ಕಾಟ ಉಂಡವರು ತಮ್ಮಂತೆಯೇ ಉಂಡವರನ್ನು ಸವರುವ ಹಾಗಿತ್ತು. ತಟ್ಟೆ ಮತ್ತೆ ಮುಂದೆ ಬಂತು. ಸೌಮ್ಯ ಅತ್ತುಕೊಂಡೇ ನಕ್ಕಳು. ಊಟದ ಹೊತ್ತಿಗೆ ನನ್ನ ಮುಖದ ಕೆಂಪೂ ಇಳಿದಿತ್ತು.

ಮದುವೆಯ ದಿನ ನಾನು ಯಾರ ಬಳಿ ಮಾತಿಗೆ ಕೂತರೂ ಗೌರಮ್ಮನವರು ಹತ್ತಿರ ಬಂದು ಅವರ ಕಿವಿಯಲ್ಲಿ ಅದನ್ನೇ ಹೇಳಿ ಹೋಗುತ್ತಿದ್ದರು:

"ಕುಡ್ದಿಲ್ಲ, ಪಾಪ. ಇರೋದೇ ಅಂಗೆ."