ಹೊಸಪೇಟೆಯ ಚಳಿಗೆ ಕೈಗವಸು

ಹೊಸಪೇಟೆಯಲ್ಲಿ ಚಳಿ ಇದೆ ಎಂದು ನಂಬಿದ್ದ ಒಬ್ಬನೇ ಒಬ್ಬ ಮನುಷ್ಯ ನಮ್ಮ ಮನೆಯವರು! ಉಳಿದವರೆಲ್ಲ ಡಿಸೆಂಬರಿನಲ್ಲೂ ಫ್ಯಾನು ಹಾಕಿಕೊಂಡು ಮಲಗುವವರು. ಬಂಡೆಗಳೇ ಬೆವರುವ ಈ ಊರಿನಲ್ಲಿ ಒಬ್ಬ ಗಂಡಸು ಸೈಕಲ್ ಹೊಡೆಯಲು ಕೈಗವಸು ಬೇಕೆಂದು ಅಂಗಡಿ ಅಂಗಡಿ ಅಲೆದರೆ ಜನ ಏನನ್ನಬಹುದು? ಎಲ್ಲವನ್ನೂ ಅಂದರು. ಈಗ ಅವರಿಲ್ಲ, ಅನ್ನುತ್ತಿದ್ದವರೂ ಸುಮ್ಮನಾಗಿದ್ದಾರೆ. ಆ ಮಾತುಗಳೆಲ್ಲ ನನ್ನೊಬ್ಬಳ ತಲೆಯಲ್ಲಿ ಉಳಿದುಬಿಟ್ಟಿವೆ. ಮನೆಯಲ್ಲಿ ಯಾರಿಗೆ ಹೇಳಲಿ? ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಅವರದು ತುಂಗಭದ್ರಾ ಡ್ಯಾಂ ಕಾಲುವೆಯ ಮೇಲಿನ ಕೆಲಸ. ಬೆಳಕು ಹರಿಯುವ ಹೊತ್ತಿಗೆ ಅಲ್ಲಿರಬೇಕು. ಕಾಲುವೆಯ ಗೋಡೆಗೆ ಬರೆದ ಅಳತೆಯಲ್ಲಿ ನೀರು ಎಲ್ಲಿಯವರೆಗೆ ನಿಂತಿದೆ ಎಂದು ನೋಡಿ ಕಚೇರಿಗೆ ಫೋನಿನಲ್ಲಿ ತಿಳಿಸಬೇಕು. ನಮ್ಮ ಕಡೆಯ ಮೊದಲ ಬಸ್ಸು ಹೊರಡುವುದೇ ಅದಾದ ಮೇಲೆ. ಹಾಗಾಗಿ ಸೈಕಲ್ಲು. ಅದು ಅದಿರಿನ ಕಾಲ, ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಊರು ಬಿಡುತ್ತಿದ್ದ ಕಾಲ. ಮೊನ್ನೆಯವರೆಗೆ ಪಂಚರ್ ಹಾಕುತ್ತಿದ್ದವನು ಕಪ್ಪು ಗಾಜಿನ ಕಾರಿನಲ್ಲಿ ಓಡಾಡುತ್ತಿದ್ದ. ರಸ್ತೆಯೆಲ್ಲ ಕೆಂಪು ಧೂಳು, ಧೂಳಿನೊಳಗೆ ಲಾರಿ, ಲಾರಿಗಳ ನಡುವೆ ನಮ್ಮವರ ಸೈಕಲ್ಲು!

ಚಳಿ ತಾಗಿದರೆ ಅವರ ಬೆರಳು ಸೀಮೆಸುಣ್ಣದ ಹಾಗೆ ಬಿಳಿಚಿ ಮರಗಟ್ಟುತ್ತಿದ್ದವು. ಬ್ರೇಕು ಹಿಡಿದಿದ್ದಾರೋ ಇಲ್ಲವೋ ಅವರಿಗೇ ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ನಿಂತಿದ್ದ ಅದಿರು ಲಾರಿಯ ಹಿಂಭಾಗಕ್ಕೆ ಹೋಗಿ ಗುದ್ದಿದರು. ಕ್ಲೀನರು ಗಾಬರಿಯಾಗಿ ಇಳಿದು ಬಂದರೆ, ಕೆಳಗೆ ಬಿದ್ದ ನಮ್ಮವರು ಧೂಳು ಕೊಡವಿಕೊಳ್ಳುತ್ತ, "ನಿಮ್ಮ ಲಾರಿಗೇನೂ ಆಗಿಲ್ಲಲ್ಲಪ?" ಎಂದು ಕೇಳಿದರಂತೆ!

ಮನೆಗೆ ಬಂದು ಇದನ್ನು ನಗುನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ.

"ರೀ, ಈ ಕೆಲಸ ಬ್ಯಾಡ್ರಿ. ಬ್ಯಾರೆ ಡ್ಯೂಟಿ ಕೇಳ್ರಿ."

"ನಾ ಹೇಳಿದ ಮ್ಯಾಲೇನ ಕಂಪ್ಲಿ ಮಟ ನೀರು ಬಿಡಾದು. ಗೊತ್ತೈತೇನು ನಿನಗ?"

"ನೀರು ಹೋಗ್ಲಿ. ನೀವು ಹೋದ್ರ?"

"ಹೋಗಲ್ಲ ತಗೋ. ಗ್ಲೌಸ್ ತಗೊಂತೀನಿ."

ತೆಗೆದುಕೊಳ್ಳುವುದು ಅಂದರೆ ಹೋಗಿ ತರುವುದು ಎಂದು ನೀವು ತಿಳಿದಿರಾ? ನಮ್ಮವರದು ಪರೀಕ್ಷೆ! ಸೈಕಲ್ಲಿನ ಗಂಟೆಯನ್ನೂ ಹಳೆಯ ಬ್ರೇಕಿನ ಹಿಡಿಯನ್ನೂ ಬಿಚ್ಚಿ ಜೇಬಿಗೆ ಹಾಕಿಕೊಂಡು ಪೇಟೆಗೆ ಹೊರಟರು. ಕೈಗವಸು ತೊಟ್ಟು ಬ್ರೇಕು ಹಿಡಿಯಬೇಕು, ಗಂಟೆ ಬಾರಿಸಬೇಕು, ಅಂಗಿಯ ಗುಂಡಿ ಬಿಚ್ಚಿ ಮತ್ತೆ ಹಾಕಬೇಕು. ಮೂರೂ ಆದರೆ ಪಾಸು. ಸೀರೆ ಆರಿಸುತ್ತಿದ್ದ ಹೆಂಗಸರ ನಡುವೆ ಕುಳಿತು ಇವರು ಟ್ರಿಣ್ ಟ್ರಿಣ್ ಎನ್ನಿಸಿದರೆ ಅಂಗಡಿಯವನ ಗತಿ ಏನು!

"ಸರ್, ನಾವು ಎಸಿ ಮಾರಾಕ ಹತ್ತೀವಿ, ನೀವು ಗ್ಲೌಸ್ ಕೇಳ್ತೀರಲ್ರಿ," ಅಂದ ಒಬ್ಬ. ಇನ್ನೊಬ್ಬ ಮದುವೆ ಬ್ಯಾಂಡಿನವರ ಬಿಳಿ ಗವಸು ತೋರಿಸಿದ. ಮತ್ತೊಬ್ಬ ವಿಕೆಟ್ ಕೀಪರನದು ತಂದಿಟ್ಟು, "ಲಾರಿ ಬಂದ್ರ ಕ್ಯಾಚ್ ಹಿಡಿಬೌದು ನೋಡ್ರಿ," ಎಂದ. ಎಲ್ಲರೂ ನಕ್ಕರಂತೆ. ನಮ್ಮವರು ಅದನ್ನೂ ತೊಟ್ಟು ಗಂಭೀರವಾಗಿ ಗಂಟೆ ಬಾರಿಸಿ ನೋಡಿದರಂತೆ. ಫೇಲು!

ಸುದ್ದಿ ಕಂಪ್ಲಿಯಲ್ಲಿದ್ದ ಅವರ ಅಕ್ಕನಿಗೆ ಮುಟ್ಟಿತು. ಅವರು ಉಣ್ಣೆಯಲ್ಲಿ ಹೆಣೆದು ಕಳಿಸಿದರು. ತಮ್ಮನ ಮೇಲಿನ ಪ್ರೀತಿಯೆಲ್ಲ ಅದರ ದಪ್ಪದಲ್ಲೇ ಕಾಣುತ್ತಿತ್ತು. ತೊಟ್ಟರೆ ಕರಡಿಯ ಪಂಜ! ಬೆರಳು ಬೆಚ್ಚಗಿದ್ದವು ನಿಜ, ಆದರೆ ಹಿಡಿ ಜಾರುತ್ತಿತ್ತು. ವಾರದೊಳಗೆ ಅದಿರಿನ ಧೂಳು ಕುಡಿದು ಅವು ಇಟ್ಟಿಗೆಯ ಬಣ್ಣಕ್ಕೆ ತಿರುಗಿದವು. ಬಿಸಿನೀರಿನಲ್ಲಿ ಒಗೆದೆ. ಒಣಗಿದ ಮೇಲೆ ನೋಡಿದರೆ ಪಕ್ಕದ ಮನೆಯ ಕೂಸಿಗೂ ಬಿಗಿಯಾಗುವಷ್ಟು ಕುಗ್ಗಿದ್ದವು.

ಆಮೇಲೆ ನನ್ನ ತಮ್ಮ ಬಂದ. ಸಂಡೂರಿನ ಗಣಿಯೊಂದರಲ್ಲಿ ಕೆಲಸ ಅವನಿಗೆ. ವೆಲ್ಡಿಂಗ್ ಮಾಡುವವರ ತೊಗಲಿನ ಗವಸು ತಂದಿದ್ದ, ಮೊಣಕೈವರೆಗೆ ಬರುವಂಥವು. "ಮಾವ, ಇವು ಹಾಕ್ಕೊಂಡ್ರ ಬೆಂಕಿನೂ ತಾಗಲ್ಲ," ಅಂದ. "ಲೇ, ನಾ ಓಡಾಡಾದು ಚಳಿಯಾಗ. ಬೆಂಕಿ ಎಲ್ಲೈತಲೇ?" ಅಂದರು ಇವರು. ಆದರೂ ಮರುದಿನ ತೊಟ್ಟುಕೊಂಡೇ ಹೋದರು. ಡ್ಯಾಂ ಕಡೆ ತಿರುಗಲು ಬಲಗೈ ಚಾಚಿದರು ನೋಡಿ, ಆ ಮಬ್ಬಿನಲ್ಲಿ ಅಷ್ಟು ದೊಡ್ಡ ಕೈ ಕಂಡ ಲಾರಿಯೊಂದು ಗಕ್ಕನೆ ನಿಂತಿತು. ಅದರ ಹಿಂದಿನದೂ ನಿಂತಿತು. ಅದರ ಹಿಂದಿನವೂ! ಡ್ರೈವರು ಕಿಟಕಿಯಿಂದ ಕಾಗದ ಚಾಚಿ, "ಪರ್ಮಿಟ್ ಐತ್ರಿ ಸಾಹೇಬ್ರ!" ಅಂದ. ನಮ್ಮವರು ಕಾಗದ ಮುಟ್ಟಲಿಲ್ಲ. "ಅದಿರ್ಲಿ, ಬ್ರೇಕ್ ಸರಿ ಅದಾವೇನು?" ಎಂದು ಕೇಳಿದರು. "ಅದಾವ್ರಿ." "ನಿಂದು ಪುಣ್ಯ," ಎಂದು ಮುಂದೆ ಹೋದರು. ಅವರದೇ ಬ್ರೇಕು ಆ ತೊಗಲಿನೊಳಗೆ ಸಿಗುತ್ತಿರಲಿಲ್ಲ.

ನೀವು ನಗುತ್ತೀರಿ. ಓಣಿಯೆಲ್ಲ ನಕ್ಕಿತು. ನಾನು ಮಾತ್ರ ಪ್ರತಿ ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ಹಾರ್ನ್ ಕೇಳುತ್ತಿದ್ದೆ. ದೂರದಲ್ಲಿ ಯಾವುದಾದರೂ ಲಾರಿ ಜೋರಾಗಿ ಬ್ರೇಕು ಹಾಕಿದರೆ ನನ್ನ ಕೈಯೊಳಗಿನ ಹಿಟ್ಟು ಅಲ್ಲೇ ನಿಲ್ಲುತ್ತಿತ್ತು. ಅವರು ತಿರುಗಿ ಬಂದು ಸೈಕಲ್ ಒಳಗಿಟ್ಟ ಮೇಲೇ ನಾನು ಬಾಯಿಗೆ ನೀರು ಹಾಕುತ್ತಿದ್ದೆ. ಇದನ್ನು ಅವರಿಗೆ ಹೇಳಿದರೆ, "ಹುಚ್ಚಿ ಅದಿ," ಅನ್ನುತ್ತಿದ್ದರು.

ಕೊನೆಗೆ ಹುಚ್ಚಿಗೇ ಬುದ್ಧಿ ಹೊಳೆಯಿತು. ಕೈಗೇ ಯಾಕೆ ತೊಡಿಸಬೇಕು? ಹಳೆಯ ಕೌದಿಯೊಂದನ್ನು ಹರಿದು ಎರಡು ಚೀಲ ಹೊಲಿದೆ. ಹ್ಯಾಂಡಲಿನ ಎರಡೂ ತುದಿಗೆ, ಬ್ರೇಕು ಗಂಟೆ ಎಲ್ಲ ಒಳಗೇ ಬರುವ ಹಾಗೆ ಕಟ್ಟಿದೆ. ಬರಿಗೈಯನ್ನು ಅದರೊಳಗೆ ತೂರಿಸಿದರೆ ಸಾಕು. ಗಾಳಿ ತಾಗುವುದಿಲ್ಲ, ಬ್ರೇಕು ಬೆರಳಿಗೇ ಸಿಗುತ್ತದೆ! ಓಣಿಯ ತುದಿಯ ಚಹಾದಂಗಡಿಯವನು ಕಂಡು ಕೂಗಿದ: "ಏನ್ರಿ ಸರ್, ಸೈಕಲ್ಲಿಗೆ ಕೂಸಿನ ಕುಲಾಯಿ ಹಾಕೀರಿ! ಹಾಲು ಕುಡಿಸಿದ್ರೇನು?"

ಅಂತೂ ಆ ಚಳಿಗಾಲ ಕಳೆಯಿತು. ಮುಂದಿನದೂ ಕಳೆಯಿತು. ಲಾರಿಯನ್ನು ಗೆದ್ದೆ ಅಂದುಕೊಂಡೆ. ಎಂಥ ಗೆಲುವು! ನಾನು ರಸ್ತೆ ಕಾಯುತ್ತಿದ್ದಾಗ ಸಾವು ಒಳಗಿನಿಂದ ಬಂದಿತ್ತು. ಉಸಿರು ಸಾಲದಾಯಿತು. ಬೆರಳಿಗೆ ಬಂದ ರೋಗವೇ ಶ್ವಾಸಕೋಶಕ್ಕೂ ಇಳಿದಿದೆ, ತಡವಾಗಿದೆ ಎಂದರು ಡಾಕ್ಟರು. ಸುಡು ಬೇಸಿಗೆಯಲ್ಲಿ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿಸಿದೆವು. ಎಲ್ಲರೂ ಬೀಸಣಿಗೆ ಬೀಸಿಕೊಳ್ಳುತ್ತಿದ್ದಾಗ ಅವರ ಕೈ ಮಾತ್ರ ತಣ್ಣಗಿತ್ತು.

ನರ್ಸು ಆಕ್ಸಿಜನ್ ನೋಡಲು ಬೆರಳಿಗೊಂದು ಕ್ಲಿಪ್ಪು ಸಿಕ್ಕಿಸಿದಳು. ಯಂತ್ರದಲ್ಲಿ ಏನೂ ಮೂಡಲಿಲ್ಲ. ಬೇರೆ ಬೆರಳಿಗೆ ಹಾಕಿದಳು. ಇಲ್ಲ. "ಕೈ ಭಾಳ ತಣ್ಣಗದಾವಮ್ಮ. ಹಿಡ್ಕೊಂಡು ಬಿಸಿ ಮಾಡ್ರಿ," ಅಂದಳು.

ಅತ್ತೆ ಮಾವ, ನಾದಿನಿಯರು ತುಂಬಿದ ಮನೆಗೆ ಸೊಸೆಯಾಗಿ ಬಂದವಳು ನಾನು. ಜನರೆದುರು ಅವರ ಕೈ ಹಿಡಿದವಳಲ್ಲ; ಜಾತ್ರೆಯಲ್ಲೂ ಹಿಂದೆ ಹಿಂದೆ ನಡೆದವಳು. ಅವತ್ತು ಮಂಚದ ಮೇಲೆ ಕುಳಿತು ಆ ಕೈಯನ್ನು ನನ್ನ ಎರಡೂ ಕೈಯೊಳಗೆ ತೆಗೆದುಕೊಂಡು ಎದೆಗೆ ಒತ್ತಿಕೊಂಡೆ. ಅವರು ಅಕ್ಕಪಕ್ಕದ ಮಂಚಗಳ ಕಡೆ ಕಣ್ಣು ಹೊರಳಿಸಿದರು.

"ಮಂದಿ ನೋಡ್ತಾರ," ಅಂದರು.

"ನೋಡ್ಲಿ ಬಿಡ್ರಿ."

ಸ್ವಲ್ಪ ಹೊತ್ತಿಗೆ ಯಂತ್ರದಲ್ಲಿ ಅಂಕಿ ಮೂಡಿತು. ನರ್ಸು ಬಂದು ಬರೆದುಕೊಂಡು, "ಸಾಕಮ್ಮ, ಇನ್ನ ಬಿಡ್ರಿ," ಅಂದಳು.

ನಾನು ಬಿಡಲಿಲ್ಲ.