ಮುಂದೋಡುವ ಭಾವ, ಹಿಂದೆ ಬಿದ್ದ ಗಡಿಯಾರ

ನಮ್ಮ ಭಾವನವರು ವಾಸವಾಗಿರುವುದು ನಾಳೆಯಲ್ಲಿ. ಸುಳ್ಳಲ್ಲ! ನಾವೆಲ್ಲ ಇವತ್ತೆಂಬ ಬಾಡಿಗೆ ಮನೆಯಲ್ಲಿ ಕಾಲ ಹಾಕುತ್ತಿದ್ದರೆ, ಯಜಮಾನರ ಈ ಅಣ್ಣ ಆಗಲೇ ನಾಳೆಗೆ ಸಾಮಾನು ಸಾಗಿಸಿ, ಹಾಲುಕ್ಕಿಸಿ, ಬಾಗಿಲಲ್ಲಿ ನಿಂತು "ಇನ್ನೂ ಬರ್ಲಿಲ್ವೇನ್ರೋ?" ಎಂದು ನಮ್ಮನ್ನು ಕೂಗುತ್ತಿರುತ್ತಾರೆ.

ಅವರಿಗೆ ಮದುವೆಯಾಗಲಿಲ್ಲ. ಕಾರಣ ಇಷ್ಟೇ: ಮೈಸೂರಿನಲ್ಲಿ ಹೆಣ್ಣು ನೋಡಲು ಹೋದಾಗ ಹೇಳಿದ್ದಕ್ಕಿಂತ ಎಷ್ಟು ಮುಂಚೆ ಹೋಗಿದ್ದರೆಂದರೆ, ಹುಡುಗಿ ಇನ್ನೂ ತಲೆಗೆ ಹರಳೆಣ್ಣೆ ಬಡಿದುಕೊಂಡು ಕೂತಿದ್ದಳಂತೆ. "ಹೊತ್ತಿನ ಬೆಲೆ ಗೊತ್ತಿಲ್ಲದ ಮನೆ" ಎಂದು ಎದ್ದು ಬಂದರು. ಸದ್ಯ, ಹುಡುಗಿ ಉಳಿದುಕೊಂಡಳು!

ತಿರುವನಂತಪುರದ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ದುಡಿದು ನಿವೃತ್ತರಾದ ಮೇಲೆ, ಬ್ಯಾಂಕಿನಲ್ಲಿರುವ ನಮ್ಮ ಯಜಮಾನರಿಗೆ ಕೊಚ್ಚಿಗೆ ವರ್ಗವಾದದ್ದೇ ನೆಪವಾಗಿ, ಅಲ್ಲಿನ ಕಾಕ್ಕನಾಡಿನ ನಮ್ಮ ಫ್ಲಾಟಿಗೆ ಭಾವ ಬಂದು ಸೇರಿದರು. ತಂದದ್ದು ಒಂದು ಟ್ರಂಕು ಮತ್ತು ಒಂದು ಮುದಿ ಕಂಪ್ಯೂಟರು. ಬಂದ ದಿನವೇ ಸ್ಟೂಲು ಹತ್ತಿ ಹಾಲ್‌ನ ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟರು. ಅಡಿಗೆಮನೆಯದನ್ನು ಅದಕ್ಕಿಂತ ಕಾಲು ಗಂಟೆ ಮುಂದೆ. ಹೆಂಗಸರು ನಿಧಾನವಂತೆ! ಅಂದಿನಿಂದ ನಮ್ಮ ಮನೆಯಲ್ಲಿ ಹಾಲ್‌ನಿಂದ ಅಡಿಗೆಮನೆಗೆ ಹೋಗಲು ಕಾಲು ಗಂಟೆ ಬೇಕು. ವಾಪಸ್ಸು ಬಂದರೆ ಹೊರಡುವುದಕ್ಕಿಂತ ಮುಂಚೆಯೇ ತಲುಪಿರುತ್ತೇವೆ. ನಾನು ರಾಹುಕಾಲ ತಪ್ಪಿಸಿ ದೀಪ ಹಚ್ಚುವವಳು. ಯಾವ ಗಡಿಯಾರದ ರಾಹುಕಾಲ? ದೇವರನ್ನೇ ಕೇಳಿದೆ. ಪಾಪ, ಅವನಿಗೂ ಗೊಂದಲ.

ಇಲ್ಲೊಂದು ಮಾತು ಹೇಳಬೇಕು. "ಸದ್ಯ" ಅನ್ನುವುದು ನನ್ನ ನಾಲಿಗೆಗಂಟಿದ ಪದ. ಹಾಲು ಒಡೆಯಲಿಲ್ಲವೇ, ಸದ್ಯ. ಲಿಫ್ಟು ಕೆಡಲಿಲ್ಲವೇ, ಸದ್ಯ. ದೇವರು ನನಗೆ ದೊಡ್ಡ ವರಗಳನ್ನು ಕೊಟ್ಟಿದ್ದು ಕಡಿಮೆ, ಚಿಲ್ಲರೆ ಕೃಪೆಗೆ ಮಾತ್ರ ಕೊರತೆ ಮಾಡಿಲ್ಲ. ಆದರೆ ಮಲಯಾಳದಲ್ಲಿ ಸದ್ಯ ಎಂದರೆ ಬಾಳೆಲೆ ಹಾಸಿ, ಪಾಯಸ ಬಡಿಸಿ ಹಾಕುವ ಹಬ್ಬದೂಟ! ಎದುರು ಮನೆಯ ಚೇಚಿ, ಅಂದರೆ ಇಲ್ಲಿಯವರ ಬಾಯಲ್ಲಿ ಅಕ್ಕ, ಎಷ್ಟು ದಿನ ಸಹಿಸಿಯಾರು? ಒಂದು ದಿನ ಸೊಂಟಕ್ಕೆ ಕೈಯಿಟ್ಟು ಕೇಳಿಯೇ ಬಿಟ್ಟರು: "ಎಂದಾ ಮೋಳೇ, ಎಪ್ಪೋಳುಂ ಸದ್ಯ ಸದ್ಯ ಎನ್ನು ಪರಯುಂ, ಒರಿಕ್ಕಲುಂ ವಿಳಿಕ್ಕಿಲ್ಲಲ್ಲೋ!" ಯಾವಾಗ ನೋಡಿದರೂ ಊಟ ಊಟ ಅಂತೀಯ, ಒಂದು ಸಲವಾದರೂ ಕರೆದಿದ್ದೀಯಾ, ಅಂತ.

ನಿಜವಾದ ಸದ್ಯಕ್ಕೂ ಭಾವನೊಂದಿಗೆ ಒಮ್ಮೆ ಹೋಗಿದ್ದೆ. ತಿರುವನಂತಪುರದಲ್ಲಿ ಅವರ ಹಳೆಯ ಸಹೋದ್ಯೋಗಿಯ ಮಗಳ ಮದುವೆ. ಭಾವನ ಕೈಗಡಿಯಾರವನ್ನು ನಂಬಿ ಛತ್ರ ತಲುಪಿದರೆ, ವರನಿಲ್ಲ, ವಧುವಿಲ್ಲ, ಓಲಗದವರಿಲ್ಲ. ಇದ್ದವರು ಅಡಿಗೆಯವರು ಮಾತ್ರ. ಪಂಚೆ ಮೇಲೆ ಕಟ್ಟಿ ಗಂಭೀರವಾಗಿ ನಿಂತ ಇವರನ್ನು ನೋಡಿ ಕೈಯಾಳು ಬಂದನೆಂದು ಒಂದು ಚಾಕು ಕೊಟ್ಟರು. ಇವರೂ ತಗೊಂಡರು! ಮದುಮಗಳ ತಂದೆ ಬಂದು ನೋಡುವಾಗ ಭಾವ ಅವಿಯಲ್ ಪಲ್ಯಕ್ಕೆ ಬೂದುಗುಂಬಳ ಹೆಚ್ಚುತ್ತಾ, ಪಕ್ಕದವನಿಗೆ "ವೇಗಂ, ವೇಗಂ!" ಎಂದು ಗದರುತ್ತಿದ್ದರು.

ಇನ್ನು ಆ ಕಂಪ್ಯೂಟರು. ಅದರ ಗಡಿಯಾರವನ್ನು ನಿಮಿಷಗಟ್ಟಲೆ ಮುಂದಿಟ್ಟರೆ ಭಾವನಿಗೆ ತೃಪ್ತಿಯೇ? ಆಷಾಢದಲ್ಲಿ ಕೂತು ಅದನ್ನು ದೀಪಾವಳಿಗೆ ತಳ್ಳಿದರು. ಕೂಡಲೇ ಪರದೆಯ ಮೇಲೆ "ನಿಮ್ಮ ಗಡಿಯಾರ ಮುಂದಿದೆ" ಎಂದು ಇಂಗ್ಲಿಷಿನಲ್ಲಿ ಬಂತು, ಯಾವ ಪುಟವೂ ತೆರೆಯಲಿಲ್ಲ. ಭಾವ ಅದನ್ನು ಪ್ರಶಸ್ತಿಯಂತೆ ಎಲ್ಲರಿಗೂ ತೋರಿಸಿದರು: "ನೋಡ್ರೋ, ಮೆಷೀನೇ ಒಪ್ಕೊಂಡಿದೆ!" ಇಂಟರ್ನೆಟ್ಟು ತಾನೇ ಗಂಟೆ ಸರಿಮಾಡಿಕೊಳ್ಳುವುದು, ಇವರು ಮತ್ತೆ ತಳ್ಳುವುದು, ಹೀಗೆ ಇಬ್ಬರಿಗೂ ಯುದ್ಧ ನಡೆದೇ ಇತ್ತು.

ಅಷ್ಟರಲ್ಲಿ ಭಾವನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಶುರುವಾಯಿತು. ಇಲ್ಲಿಯ ಡಾಕ್ಟರು ಎದೆಗೆ ಕೊಳವೆಯಿಟ್ಟು, ಮುಖ ಸಣ್ಣ ಮಾಡಿ, "ತಡ ಮಾಡಬೇಡಿ, ತಿರುವನಂತಪುರದ ಹೃದಯದ ಡಾಕ್ಟರಿಗೆ ತೋರಿಸಿ" ಎಂದರು. ಆ ದೊಡ್ಡ ಡಾಕ್ಟರ ಟೋಕನ್ನು ಸೋಮವಾರ ಬೆಳಿಗ್ಗೆ ಕಂಪ್ಯೂಟರಿನಲ್ಲೇ ತೆಗೆಯಬೇಕು. ಕಣ್ಣು ಮಿಟುಕಿಸುವುದರಲ್ಲಿ ಖಾಲಿ. ಆಸ್ಪತ್ರೆಯ ಪಾಸ್‌ವರ್ಡು ಇರುವುದು ಭಾವನ ತಲೆಯೊಳಗೆ. ಫೋನಿನಲ್ಲಿ ತೆಗೆಯೋಣವೆಂದರೆ ಭಾವನದು ಒಂದೇ ಮಾತು: "ಫೋನಿರೋದು ನೆಂಟರ ಹತ್ರ ಮಾತಾಡೋಕೆ, ಆಸ್ಪತ್ರೆ ನಮಗೇನು ಬೀಗರೇ?"

ಸೋಮವಾರ ಬಂತು. ಕಂಪ್ಯೂಟರು ಹಚ್ಚಿದರೆ, ಯಾವುದೋ ಓಬಿರಾಯನ ಕಾಲದ ವರ್ಷ ತೋರಿಸುತ್ತಿದೆ! ಆಸ್ಪತ್ರೆಯ ಪುಟ ತೆರೆಯಲೊಲ್ಲದು. "ನಿಮ್ಮ ಗಡಿಯಾರ ಹಿಂದಿದೆ" ಅಂತ ಈ ಸಲದ ಬೈಗುಳ. ನಮ್ಮ ಭಾವನಿಗೆ, ಹಿಂದಿದೆ ಅಂತ! ಸರಿಮಾಡುವಷ್ಟರಲ್ಲಿ ಟೋಕನ್ನು ಮುಗಿದಿತ್ತು.

ಪಕ್ಕದ ಎಡಪ್ಪಳ್ಳಿಯಿಂದ ರಿಪೇರಿಯವರನ್ನು ಕರೆಸಿದೆವು. ಪೆಟ್ಟಿಗೆ ಬಿಚ್ಚಿ, ಒಳಗಿನ ಧೂಳಿಗೆ ನಾಲ್ಕು ಸಲ ಸೀನಿ, ಗುಂಡಿಯಂಥ ಒಂದು ಬಿಲ್ಲೆಯನ್ನು ಎತ್ತಿ ಹಿಡಿದು ಅವರೆಂದರು: "ತೀರ್ನ್ನು, ಚೇಚೀ."

ನಾನು ದೇವರ ಪಟದ ಕಡೆ ತಿರುಗಿ ಕೈ ಮುಗಿದೆ. "ಅಯ್ಯೋ ಕೃಷ್ಣಾ, ಯಾರು ತೀರ್ಕೊಂಡ್ರು?"

"ಯಾರೂ ಇಲ್ಲ ಕಣೇ," ಎಂದರು ಯಜಮಾನರು. "ಮುಗಿದದ್ದು ಸೆಲ್ಲು. ಕಂಪ್ಯೂಟರು ಆರಿಸಿದಾಗಲೂ ಗಂಟೆ ಲೆಕ್ಕ ಇಡೋದು ಈ ಸೆಲ್ಲಂತೆ. ಅದು ಸತ್ರೆ ಗಡಿಯಾರ ತಾನು ಹುಟ್ಟಿದ ಕಾಲಕ್ಕೆ ಓಡಿಹೋಗುತ್ತೆ."

ಸದ್ಯ! ಹೊಸ ಸೆಲ್ಲು ಬಿತ್ತು, ಗಡಿಯಾರ ಇವತ್ತಿಗೆ ಬಂತು. ಮುಂದಿನ ಸೋಮವಾರ ಮತ್ತೆ ಹಚ್ಚಿದರೆ? ಹೋದ ವರ್ಷ! ಟೋಕನ್ನು ಮತ್ತೆ ಕೈತಪ್ಪಿತು. ರಿಪೇರಿಯವರಿಗೆ ಫೋನು ಮಾಡಿದರೆ, ವೈರಸ್ಸಿರಬಹುದು ಎಂದರು. ಯಜಮಾನರು, ವೋಲ್ಟೇಜು ಎಂದರು. ಚೇಚಿ, ದೃಷ್ಟಿಯಾಗಿದೆ ಎಂದರು. ನಾನು ಅವರ ಮಾತಿಗೇ ಬೆಲೆ ಕೊಟ್ಟು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಕಂಪ್ಯೂಟರಿಗೆ ಕುಂಕುಮವನ್ನೂ ಇಟ್ಟೆ. ಭಾವನ ಏದುಸಿರು ಮಾತ್ರ ಈಗ ಅಡಿಗೆಮನೆಯವರೆಗೂ ಕೇಳಿಸುತ್ತಿತ್ತು.

ಮೂರನೆಯ ಸೋಮವಾರ ದೀಪ ಹಚ್ಚಲು ಬೇಗ ಎದ್ದೆ. ಹಾಲ್‌ನಲ್ಲಿ ಭಾವ ಕಂಪ್ಯೂಟರಿನ ಮುಂದೆ ಕೂತು, ಒಂದೇ ಬೆರಳಿನಲ್ಲಿ ತಾರೀಕನ್ನು ಹಿಂದಕ್ಕೆ, ಹಿಂದಕ್ಕೆ ಒತ್ತುತ್ತಿದ್ದರು.

"ಭಾವಾ! ಏನ್ಮಾಡ್ತಿದ್ದೀರಿ?"

ಬೆಚ್ಚಿಬಿದ್ದರು. "ಏನಿಲ್ಲಮ್ಮಾ. ಹೊಸ ಸೆಲ್ಲಲ್ವಾ, ಪರೀಕ್ಷೆ ಮಾಡ್ತಿದ್ದೆ."

"ಪರೀಕ್ಷೆ ಮಾಡೋಕೆ ಹೋದ ವರ್ಷಕ್ಕೆ ಹೋಗ್ಬೇಕಾ?"

"ಹೋದ ವರ್ಷ ಉಸಿರು ಚೆನ್ನಾಗಿತ್ತು ಕಣಮ್ಮಾ," ಎಂದರು. ಆಮೇಲೆ, ಕುಂಕುಮ ಹಚ್ಚಿದ ಪೆಟ್ಟಿಗೆಯನ್ನೇ ನೋಡುತ್ತಾ, "ಹುಟ್ಟಿದಾಗಿನಿಂದ ಎಲ್ಲಾ ಕಡೆ ಮೊದಲು ಹೋಗಿ ನಿಂತೋನು ನಾನು. ಇದೊಂದು ಜಾಗಕ್ಕೆ ಸ್ವಲ್ಪ ಲೇಟಾಗಿ ಹೋಗೋಣ ಅಂತ..."

ಕೈಯಲ್ಲಿದ್ದ ಬತ್ತಿಯನ್ನೇ ಹೊಸೆಯುತ್ತಾ ನಿಂತೆ. ಕೊನೆಗೆ, "ಭಾವಾ, ಆ ಜಾಗಕ್ಕೆ ಹೋಗೋಕೆ ಟೋಕನ್ ಬೇಡ. ಟೋಕನ್ ಬೇಕಿರೋದು ಅಲ್ಲಿಗೆ ಹೋಗದೆ ಇರೋದಕ್ಕೆ. ಗಂಟೆ ಸರಿ ಮಾಡಿ," ಎಂದೆ.

ಸರಿ ಮಾಡಿದರು. ಪುಟ ತೆರೆಯಿತು. ಸಿಕ್ಕಿದ್ದು ಯಾವ ಟೋಕನ್ನು ಅಂತೀರಿ? ಒಂದನೆಯದು! ಹುಟ್ಟುಗುಣ ಎಲ್ಲಿ ಹೋದೀತು?

ತಿರುವನಂತಪುರದಲ್ಲಿ ಆ ಡಾಕ್ಟರು ಎದೆಯನ್ನು ಹಿಂದೆ ಮುಂದೆ, ಒಳಗೆ ಹೊರಗೆ ಪರೀಕ್ಷಿಸಿದರು. ಆಪರೇಷನ್ನು ಬೇಡ, ಮಾತ್ರೆ ಸಾಕು, ಆರು ತಿಂಗಳು ಬಿಟ್ಟು ಬನ್ನಿ ಎಂದರು. ನಾನು ಎರಡೂ ಕೈ ಜೋಡಿಸಿ, ಜೋರಾಗಿ, "ಸದ್ಯ!" ಎಂದುಬಿಟ್ಟೆ.

ಡಾಕ್ಟರು ಕನ್ನಡಕದ ಮೇಲಿಂದ ನನ್ನನ್ನು ದುರುಗುಟ್ಟಿ ನೋಡಿದರು. "ಸದ್ಯಯೊನ್ನುಂ ವೇಂಡ, ಹಬ್ಬದೂಟವೇ ಬೇಡ! ಉಪ್ಪು ಕಡಿಮೆ, ಪಪ್ಪಡ ಇಲ್ಲ, ಪಾಯಸ ಇಲ್ಲ!"

ಮರುದಿನ ಬೆಳಿಗ್ಗೆ ಕಾಕ್ಕನಾಡಿನಲ್ಲಿ, ಸ್ನಾನ ಮುಗಿಸಿ ಬಂದ ಭಾವ ಹಾಲ್‌ನ ಗಡಿಯಾರದ ಮುಂದೆ ತಬ್ಬಿಬ್ಬಾಗಿ ನಿಂತಿದ್ದರು. ಕೈಗಡಿಯಾರ ನೋಡಿದರು, ಗೋಡೆ ನೋಡಿದರು. "ಏನಮ್ಮಾ ಇದು, ಇಷ್ಟೊಂದು ಹಿಂದಿದೆ? ಇದರ ಸೆಲ್ಲೂ ತೀರಿತಾ?"

"ಇರಬೇಕು ಭಾವಾ," ಎಂದೆ. "ಕೂತ್ಕೊಳಿ. ಇನ್ನೂ ಬೇಕಾದಷ್ಟು ಹೊತ್ತಿದೆ. ಕಾಫಿ ತರ್ತೀನಿ."

ನಾನು ಹತ್ತಿದ್ದ ಸ್ಟೂಲು ಇನ್ನೂ ಗೋಡೆಯ ಪಕ್ಕದಲ್ಲೇ ಇತ್ತು. ಸದ್ಯ, ಅವರು ನೋಡಲಿಲ್ಲ.